ಜೋರು, ಬೈಗುಳ, ಬೆದರಿಕೆ: ಕೆಲಸದ ಜಾಗದಲ್ಲಿ ಆಕ್ರಮಣವನ್ನು ಗುರುತಿಸುವುದು ಹೇಗೆ

ಕಾಸರಗೋಡಿನ ಕಡೆ "ಜೋರು ಮಾಡಿದರು" ಎಂಬ ಮಾತಿಗೆ ಅಳತೆ ಇಲ್ಲ. ಲೆಕ್ಕ ತಪ್ಪಿದ್ದಕ್ಕೆ ಮ್ಯಾನೇಜರು ಗದರಿದರೂ ಜೋರು, ಮೇಜು ಕುಟ್ಟಿ ಮನೆಯವರನ್ನೆಲ್ಲ ಎಳೆದು ಬೈದರೂ ಜೋರು, "ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನೋಡಿಕೊಳ್ತೇನೆ" ಎಂದರೂ ಜೋರೇ. ಮೂರಕ್ಕೂ ಹೆಸರು ಒಂದೇ ಆದ್ದರಿಂದ ಸಿಗುವ ಸಮಾಧಾನವೂ ಒಂದೇ: "ಬಿಡಿ, ಅವರ ಸ್ವಭಾವವೇ ಹಾಗೆ." ಮೊದಲನೆಯದು ಗದರಿಕೆ, ಎರಡನೆಯದು ಅವಮಾನ, ಮೂರನೆಯದು ಬೆದರಿಕೆ. ಒಂದೊಂದಕ್ಕೂ ಮಾಡಬೇಕಾದ ಕೆಲಸ ಬೇರೆ. ಇವನ್ನು ಬಿಡಿಸಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿದಂತೆ.

ದನಿ ನಂಬಬೇಡಿ, ಬದಲಾವಣೆ ನೋಡಿ

ಗಟ್ಟಿ ಧ್ವನಿ ಬಹಳ ಮೋಸದ ಗುರುತು. ಮೀನು ಹರಾಜಿನ ಜಾಗದಲ್ಲಿ, ಅಡಿಕೆ ಮಂಡಿಯಲ್ಲಿ, ಪ್ಲೈವುಡ್ ಯಂತ್ರದ ಪಕ್ಕದಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ; ಅದು ಆ ಜಾಗದ ಸಹಜ ಸ್ವರ. ಅದೇ ಮಂಡಿಯಲ್ಲಿ ದಿನವೂ ಕೂಗುವ ಮನುಷ್ಯ ಒಂದು ಬೆಳಿಗ್ಗೆ ದನಿ ತಗ್ಗಿಸಿ, ಹಲ್ಲು ಕಚ್ಚಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದರೆ ಆಗ ಕಿವಿ ನಿಮಿರಬೇಕು. ಒಬ್ಬ ವ್ಯಕ್ತಿಯನ್ನು ಅವನ ಮಾಮೂಲಿನ ಜೊತೆಗೆ ಹೋಲಿಸಿ, ಪಕ್ಕದವನ ಜೊತೆಗೆ ಬೇಡ. ಹೊಸಬರಿಗೆ ಈ ಮಾಮೂಲು ತಿಳಿಯಲು ಎರಡು ಮೂರು ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಹಳಬರ ಮುಖ ನೋಡುವುದು ಒಳ್ಳೆಯ ಉಪಾಯ: ಅವರು ನಗುತ್ತಿದ್ದರೆ ಬಹುಶಃ ಸಹಜ, ಎಲ್ಲರ ಕಣ್ಣೂ ನೆಲಕ್ಕೆ ಇಳಿದಿದ್ದರೆ ಅಲ್ಲ.

ಭಾಷೆ ಇನ್ನೊಂದು ಗೊಂದಲ. ಸಪ್ತಭಾಷೆಗಳ ಊರು ಎಂದು ಹೆಮ್ಮೆ ಪಡುವ ಜಿಲ್ಲೆಯಲ್ಲಿ ಒಂದೇ ಕೋಣೆಯಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಓಡಾಡುತ್ತವೆ. ಮಲಯಾಳದ "ನೀ", "ಎಡಾ" ಗೆಳೆಯರ ನಡುವೆ ಸಲುಗೆ. ಬಹುವಚನಕ್ಕೆ ಒಗ್ಗಿದ ಕನ್ನಡದ ಕಿವಿಗೆ ಅದು ಏಕವಚನದ ಪೆಟ್ಟು. ತುಳುವಿನಲ್ಲಿ "ಈ" ಮತ್ತು "ಈರ್" ನಡುವಿನ ಅಂತರವನ್ನು ತುಳು ಬಾರದವರು ಹಿಡಿಯಲಾರರು. ಆದ್ದರಿಂದ ಪದ ಹಿಡಿದು ಜಗಳಕ್ಕೆ ಹೋಗುವ ಮೊದಲು ಒಂದು ನೋಡಿ: ಆತ ಎಲ್ಲರಿಗೂ ಹಾಗೇ ಹೇಳುತ್ತಾನೋ, ನಿಮಗೆ ಮಾತ್ರವೋ? ಇದರ ತಿರುವುಮುರುವೂ ಉಂಟು. ಐದು ವರ್ಷ "ಮಾರಾಯ" ಎಂದು ಕರೆದವನು ಒಂದು ದಿನ ತಣ್ಣಗೆ "ನೀವು" ಎಂದು ಶುರು ಮಾಡಿದರೆ ಗೌರವ ಹೆಚ್ಚಿತು ಎಂದುಕೊಳ್ಳಬೇಡಿ.

ಗದರಿಕೆಗೂ ಆಕ್ರಮಣಕ್ಕೂ ಗೆರೆ ಎಳೆಯಲು ಮೂರು ಪ್ರಶ್ನೆ ಸಾಕು. ಮಾತಿನ ಗುರಿ ಕೆಲಸವೋ ಮನುಷ್ಯನೋ? "ಈ ಬಿಲ್ಲು ತಪ್ಪು" ಎಂಬುದಕ್ಕೂ "ನಿನಗೆ ತಲೆ ಇಲ್ಲ" ಎಂಬುದಕ್ಕೂ ಇರುವ ದೂರ ಅದು. ಉತ್ತರ ಕೊಡಲು ದಾರಿ ಉಳಿಸಿದ್ದಾರೆಯೋ? ತಿದ್ದುವ ಉದ್ದೇಶ ಇರುವವರು ಕೇಳಿಸಿಕೊಳ್ಳಲು ನಿಲ್ಲುತ್ತಾರೆ. ನೋಡುವವರು ಇರುವ ಜಾಗವನ್ನೇ ಹುಡುಕಿ ಹೇಳಿದರೋ? ಒಳಗೆ ಕರೆದು ಹೇಳಬಹುದಾದ್ದನ್ನು ಗಿರಾಕಿಗಳ ಮುಂದೆ ಹೇಳಿದರೆ ಅಲ್ಲಿ ತಿದ್ದುವ ಉದ್ದೇಶ ಕಡಿಮೆ, ಕುಗ್ಗಿಸುವ ಉದ್ದೇಶ ಹೆಚ್ಚು.

ಸದ್ದಿಲ್ಲದ ಬಗೆ

ಮನಶ್ಶಾಸ್ತ್ರಜ್ಞ ಆರ್ನಾಲ್ಡ್ ಬಸ್ 1961ರಲ್ಲಿ ಆಕ್ರಮಣವನ್ನು ಮೂರು ಜೋಡಿಗಳಾಗಿ ವಿಂಗಡಿಸಿದರು: ದೈಹಿಕ ಅಥವಾ ಮಾತಿನದು, ನೇರ ಅಥವಾ ಪರೋಕ್ಷ, ಮಾಡುವುದು ಅಥವಾ ಮಾಡದೆ ಬಿಡುವುದು. ಹೊಡೆತ, ಬೈಗುಳ ಎಲ್ಲರ ಕಣ್ಣಿಗೂ ಬೀಳುತ್ತವೆ. ಕಚೇರಿಗಳಲ್ಲಿ ಹೆಚ್ಚು ನಡೆಯುವುದು ಮೂರನೆಯ ಜೋಡಿಯ ಕೊನೆಯದು, ಅಂದರೆ ಮಾಡಬೇಕಾದ್ದನ್ನು ಬೇಕೆಂದೇ ಮಾಡದೆ ಬಿಡುವುದು. ನಮಸ್ಕಾರಕ್ಕೆ ಉತ್ತರ ಇಲ್ಲ. ಮೀಟಿಂಗಿನ ಹೊತ್ತು ಬದಲಾದದ್ದು ಒಬ್ಬರಿಗೆ ಮಾತ್ರ ತಿಳಿಸಿಲ್ಲ. ಅವರ ರಜೆ ಅರ್ಜಿ ಮಾತ್ರ ಕೊನೆಯ ದಿನದವರೆಗೆ ಮೇಜಿನ ಮೇಲೆ. ಹಬ್ಬದ ದಿನದ ಡ್ಯೂಟಿ ಸತತ ಮೂರನೇ ಸಲ ಅವರ ಪಾಲಿಗೇ. ಒಂದೊಂದನ್ನೇ ಹೇಳಿದರೆ ಸಣ್ಣ ವಿಷಯ. ಹೇಳುವವರೇ ಸಣ್ಣವರಾಗಿ ಕಾಣುತ್ತಾರೆ. ಇದರ ಬಲ ಇರುವುದೇ ಅಲ್ಲಿ.

ಸ್ವೀಡನ್ನಿನಲ್ಲಿ ಈ ಬಗೆಯ ಕಿರುಕುಳವನ್ನು ಅಧ್ಯಯನ ಮಾಡಿದ ಹೈಂಜ್ ಲೇಮನ್ ಒಂದು ಅಳತೆ ಇಟ್ಟಿದ್ದರು: ವಾರಕ್ಕೆ ಕನಿಷ್ಠ ಒಂದು ಸಲ, ಕನಿಷ್ಠ ಆರು ತಿಂಗಳು. ನಿಮ್ಮ ಮೇಲೆ ನಡೆಯುವುದಕ್ಕೆ ಆರು ತಿಂಗಳು ಕಾಯಬೇಕು ಎಂದು ಇದರರ್ಥವಲ್ಲ. ಎಣಿಸಬೇಕು ಎಂಬುದು ಪಾಠ. ನಾಲ್ಕು ವಾರ ಎಣಿಸಿದರೆ ಕೆಟ್ಟ ದಿನ ಯಾವುದು, ಕೆಟ್ಟ ಪದ್ಧತಿ ಯಾವುದು ಎಂದು ಗೊತ್ತಾಗುತ್ತದೆ.

ಗಡಿನಾಡಿನ ಕಚೇರಿಗಳಲ್ಲಿ ಪದೇ ಪದೇ ಏಳುವ ಒಂದು ದೂರನ್ನು ಇಲ್ಲಿ ಬಿಡಿಸಿ ನೋಡಬೇಕು. ಕನ್ನಡದವರು ಬಂದಾಗ ಉಳಿದವರು ಮಲಯಾಳಕ್ಕೆ ಹೊರಳುತ್ತಾರೆ. ಇದು ಹೊರಗಿಡುವ ಹುನ್ನಾರವೇ? ಹೆಚ್ಚಿನ ಸಲ ಬರೀ ಅಭ್ಯಾಸ. ಪರೀಕ್ಷೆ ಸುಲಭ: ಕೆಲಸಕ್ಕೆ ಬೇಕಾದ ವಿಷಯವನ್ನು ಕನ್ನಡದಲ್ಲಿ ಅಥವಾ ಬರಹದಲ್ಲಿ ಕೊಡಿ ಎಂದು ಒಮ್ಮೆ ಸ್ಪಷ್ಟವಾಗಿ, ಸಾಧ್ಯವಾದರೆ ಸಂದೇಶ ಕಳಿಸಿ, ಕೇಳಿ. ಬಳಿಕ ಬದಲಾದರೆ ವಿಷಯ ಮುಗಿಯಿತು. ಕೇಳಿದ ಮೇಲೂ ಸೂಚನೆ ಬಾರದೆ, ಆ ಸೂಚನೆ ಪಾಲಿಸಿಲ್ಲ ಎಂದು ಮೆಮೊ ಬಂದರೆ ಅದು ಆಕ್ರಮಣದ ಲೆಕ್ಕಕ್ಕೆ ಸೇರುತ್ತದೆ. ಬಟ್ಟೆ ಅಂಗಡಿಯ ಹುಡುಗಿಯರನ್ನು ದಿನವಿಡೀ ಕೂರಲು ಬಿಡದೆ ನಿಲ್ಲಿಸುವುದೂ ಹೀಗೆಯೇ ಬಹುಕಾಲ "ಅಂಗಡಿಯ ಶಿಸ್ತು" ಎನಿಸಿಕೊಂಡಿತ್ತು. ಕೇರಳದ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದು, ಕೂರಲು ಆಸನ ಕೊಡುವುದು ಮಾಲಕರ ಹೊಣೆ ಎಂದಾಯಿತು.

ಸಿಟ್ಟೋ, ಲೆಕ್ಕಾಚಾರವೋ

ಇದೊಂದು ತಿಳಿದರೆ ಮುಂದಿನ ಹೆಜ್ಜೆ ತಾನಾಗಿ ತಿಳಿಯುತ್ತದೆ. ಒಂದು ಬಗೆ ಕುದಿದು ಉಕ್ಕುವುದು. ಅಂದುಕೊಂಡದ್ದು ಆಗದಾಗ, ಅವಮಾನವಾದಾಗ, ಕಾದು ಸಾಕಾದಾಗ ಬರುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು 1939ರಲ್ಲಿ ಹತಾಶೆಗೂ ಆಕ್ರಮಣಕ್ಕೂ ಇರುವ ಈ ನಂಟನ್ನು ಸಿದ್ಧಾಂತವಾಗಿ ಮುಂದಿಟ್ಟರು. ಹತಾಶೆ ಹುಟ್ಟಿಸಿದವರ ಮೇಲೆ ಕೈ ಎಟುಕದಿದ್ದರೆ ಅದು ಹತ್ತಿರ ಇರುವವರ ಮೇಲೆ ಇಳಿಯುತ್ತದೆ. ರೇಷನ್ ಅಂಗಡಿಯಲ್ಲಿ ಇ-ಪೋಸ್ ಯಂತ್ರದ ಸರ್ವರ್ ಕೈಕೊಟ್ಟ ದಿನ ಇದನ್ನು ಕಣ್ಣಾರೆ ನೋಡಬಹುದು: ಸರ್ವರ್ ಎಲ್ಲೋ ಇದೆ, ಬೈಗುಳ ತಿನ್ನುವುದು ತಕ್ಕಡಿ ಹಿಡಿದವರು.

ಇನ್ನೊಂದು ಬಗೆ ಲೆಕ್ಕ ಹಾಕಿದ್ದು. ಕೂಗಿದರೆ ಫೈಲು ಮುಂದೆ ಹೋಗುತ್ತದೆ, ಹೆದರಿಸಿದರೆ ಓವರ್‌ಟೈಮ್ ದುಡ್ಡು ಕೇಳುವುದಿಲ್ಲ ಎಂದು ತಿಳಿದು ಮಾಡುವುದು. ಗೋದಾಮಿನ ಮುಂದೆ ಲಾರಿಯಿಂದ ಮಾಲು ಇಳಿಸದೆಯೂ ಕೂಲಿ ಕೇಳುವ "ನೋಕ್ಕುಕೂಲಿ" ಈ ಬಗೆಯ ಹಳೆಯ ಉದಾಹರಣೆ. ಕೇರಳ ಸರಕಾರ 2018ರ ಮೇ 1ರಿಂದ ಅದನ್ನು ನಿಷೇಧಿಸಿತು.

ಎರಡನ್ನೂ ಬೇರ್ಪಡಿಸುವ ಒಂದು ಪರೀಕ್ಷೆ ಇದೆ. ಮೇಲಧಿಕಾರಿಯೋ ಪೊಲೀಸರೋ ಕೋಣೆಗೆ ಬಂದರೆ ಸಿಟ್ಟು ಆ ಕ್ಷಣ ನಿಲ್ಲುತ್ತದೆಯೇ? ಕೆಳಗಿನವರ ಮೇಲೆ ಹರಿಯುವ ಕೋಪ ಮೇಲಿನವರ ಮುಂದೆ ಒಂದು ಸಲವೂ ಹರಿದಿಲ್ಲವೇ? ಹಾಗಿದ್ದರೆ ಆತನಿಗೆ ಹಿಡಿತ ಇದೆ, ಬಳಸುತ್ತಿಲ್ಲ ಅಷ್ಟೇ. "ಸ್ವಭಾವ" ಎಂಬ ಮಾತು ಅಲ್ಲಿಗೆ ಸಲ್ಲದು. ಕುದಿದವನನ್ನು ಕೇಳಿಸಿಕೊಂಡರೆ ತಣಿಯುತ್ತಾನೆ. ಲೆಕ್ಕ ಹಾಕುವವನನ್ನು ಸಮಾಧಾನ ಮಾಡಿದಷ್ಟೂ ಅವನ ಲೆಕ್ಕ ಸರಿಯಾಯಿತು ಎಂದಾಗುತ್ತದೆ. ಅವನಿಗೆ ಬೇಕಾದ್ದು ಗಡಿ ಮತ್ತು ದಾಖಲೆ.

ಮೂರನೆಯ ಸಾಧ್ಯತೆಯನ್ನು ಜನ ಮರೆಯುತ್ತಾರೆ: ಮೈಯೇ ಕೆಟ್ಟಿರುವುದು. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಇಳಿದಾಗ (ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗೆ) ಬೆವರು, ನಡುಕ, ತಬ್ಬಿಬ್ಬಿನ ಜೊತೆ ಇದ್ದಕ್ಕಿದ್ದಂತೆ ರೇಗಾಟ ಬರಬಹುದು. ಎಚ್ಚರ ಇದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಆಸ್ಪತ್ರೆಗೆ ಒಯ್ಯಿರಿ. ದಿನವೂ ಕುಡಿಯುವವರು ಹಠಾತ್ತನೆ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಚಡಪಡಿಕೆ ಶುರುವಾಗುತ್ತದೆ; ಎರಡರಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ಗಾಬರಿ, ಹೊಡೆದಾಟದವರೆಗೆ ಹೋಗಬಹುದು. ಅದು ಪ್ರಾಣಕ್ಕೇ ಅಪಾಯವಾದ ಸ್ಥಿತಿ, ಶಿಸ್ತು ಕ್ರಮದ ವಿಷಯವಲ್ಲ. ತಲೆಗೆ ಪೆಟ್ಟು ಬಿದ್ದ ಮೇಲೆ ಸ್ವಭಾವ ಬದಲಾದರೂ ಅಷ್ಟೇ.

ಮೈ ಕೊಡುವ ಮುನ್ಸೂಚನೆ

ಕೈ ಮಾಡುವ ಮೊದಲು ಮೈ ಹೇಳುತ್ತದೆ. ಉಸಿರು ಚಿಕ್ಕದಾಗಿ ಎದೆಯ ಮೇಲ್ಭಾಗಕ್ಕೆ ಬರುತ್ತದೆ. ಕುತ್ತಿಗೆ, ಕಿವಿ ಕೆಂಪಾಗುತ್ತವೆ. ಮುಷ್ಟಿ ಬಿಗಿದು ಬಿಡುವುದು ಪದೇ ಪದೇ ಆಗುತ್ತದೆ. ಕೂತಲ್ಲಿ ಕೂರಲಾಗದೆ ಅತ್ತಿತ್ತ ನಡೆಯುತ್ತಾರೆ; ಹೇಳಿದ್ದನ್ನೇ ಹೇಳುತ್ತಾರೆ, ಉತ್ತರ ಕಿವಿಗೆ ಇಳಿಯುವುದಿಲ್ಲ. ಆಮೇಲೆ ಬರುವ ಗುರುತುಗಳು ಹೆಚ್ಚು ಅಪಾಯದವು: ನೇರ ನಿಲ್ಲುತ್ತಿದ್ದವರು ಒಂದು ಕಾಲು ಹಿಂದಿಟ್ಟು ಓರೆಯಾಗಿ ನಿಲ್ಲುವುದು, ವಾಚು ಕನ್ನಡಕ ತೆಗೆದಿಡುವುದು, ಪಂಚೆ ಎತ್ತಿ ಕಟ್ಟುವುದು, ಬಾಗಿಲಿನ ಕಡೆಗೂ ಸುತ್ತ ಯಾರಿದ್ದಾರೆ ಎಂದೂ ಕಣ್ಣು ಹಾಯಿಸುವುದು. (ಪಂಚೆ ಎತ್ತಿ ಕಟ್ಟುವುದು ಸೆಕೆಗೂ ಇರಬಹುದು, ನಮ್ಮ ಊರಲ್ಲಿ ಅದೊಂದನ್ನೇ ನೋಡಿ ಓಡಿದರೆ ದಿನವಿಡೀ ಓಡಬೇಕು. ಬೇರೆ ಗುರುತುಗಳ ಜೊತೆ ಸೇರಿಸಿ ಓದಿ.) ಜೋರಾಗಿ ಕೂಗುತ್ತಿದ್ದವರು ಒಮ್ಮೆಲೇ ಮೌನವಾಗಿ ಒಂದೇ ಕಡೆ ದಿಟ್ಟಿಸಿದರೆ ತಣಿದರು ಎಂದುಕೊಂಡು ಹತ್ತಿರ ಹೋಗಬೇಡಿ.

ಆಸ್ಪತ್ರೆಗಳಿಗೆ ನಾರ್ವೆಯಲ್ಲಿ ರೂಪಿಸಿದ ಬ್ರೊಸೆಟ್ ತಪಶೀಲು ಪಟ್ಟಿಯಲ್ಲಿ ಆರೇ ಅಂಶಗಳಿವೆ: ಗೊಂದಲ, ಸಿಡುಕು, ಅತಿ ಗದ್ದಲ, ಮಾತಿನ ಬೆದರಿಕೆ, ಮೈಯಿಂದ ಬೆದರಿಕೆ, ವಸ್ತುಗಳ ಮೇಲೆ ದಾಳಿ. ಇದ್ದರೆ ಒಂದು ಅಂಕ, ಇಲ್ಲದಿದ್ದರೆ ಸೊನ್ನೆ. ಒಂದೆರಡು ಬಂದರೆ ಎಚ್ಚರ. ಮೂರು ಅಥವಾ ಹೆಚ್ಚು ಬಂದರೆ ಮುಂದಿನ 24 ಗಂಟೆಯಲ್ಲಿ ಹಿಂಸೆಯ ಸಾಧ್ಯತೆ ಹೆಚ್ಚು ಎಂದು ತಯಾರಿ. ಇದನ್ನು ಮನೋರೋಗ ವಾರ್ಡಿಗೆ ಮಾಡಿದ್ದು, ಅಂಗಡಿಗೆ ಅಂಕ ಹಾಕಿ ಕೂರಬೇಕಿಲ್ಲ. ಆದರೆ ಆರರಲ್ಲಿ ಕೊನೆಯದನ್ನು ನೆನಪಿಡಿ. ಕುರ್ಚಿ ಒದೆಯುವವರನ್ನು "ಮನುಷ್ಯರಿಗೆ ಏನೂ ಮಾಡಲಿಲ್ಲವಲ್ಲ" ಎಂದು ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ಇನ್ನೊಂದು ತಪ್ಪು ಹೊತ್ತಿನದು. ಉಕ್ಕಿ ಇಳಿದ ತಕ್ಷಣ "ಈಗ ಹೇಳು, ಯಾಕೆ ಹಾಗೆ ಮಾಡಿದೆ" ಎಂದು ವಿಚಾರಣೆಗೆ ಕೂರಿಸುತ್ತಾರೆ. ಮೈ ಇನ್ನೂ ತಣಿದಿರುವುದಿಲ್ಲ. ಮುಖ ಸರಿಯಾದರೂ ಒಳಗಿನ ಬಿಸಿ ಬಹು ಹೊತ್ತು ಇರುತ್ತದೆ, ಸಣ್ಣ ಮಾತಿಗೆ ಎರಡನೇ ಸಲ ಸಿಡಿಯುವುದು ಆಗಲೇ. ವಿಚಾರಣೆ ಮಾರನೆಯ ದಿನಕ್ಕಿರಲಿ.

ಎದುರಿಗೆ ಬಂದಾಗ

ಎರಡು ತೋಳಿನಷ್ಟು ದೂರ, ಸುಮಾರು ಒಂದೂವರೆ ಮೀಟರ್, ಉಳಿಸಿಕೊಳ್ಳಿ. ಎದುರಾಬದುರು ನಿಲ್ಲದೆ ಸ್ವಲ್ಪ ಓರೆಯಾಗಿ ನಿಲ್ಲಿ. ಕೈ ಕಾಣುವಂತಿರಲಿ; ಎದೆಗೆ ಕಟ್ಟಬೇಡಿ, ಸೊಂಟಕ್ಕೆ ಇಡಬೇಡಿ, ಬೆರಳು ತೋರಿಸಬೇಡಿ. ನಿಮಗೂ ಬಾಗಿಲಿಗೂ ನಡುವೆ ಅವರು ಇರಬಾರದು, ಅವರಿಗೂ ಹೋಗಲು ದಾರಿ ಮುಚ್ಚಿರಬಾರದು. ಇದನ್ನು ಆ ಹೊತ್ತಿನಲ್ಲಿ ಯೋಚಿಸಲು ಆಗದು. ಕೌಂಟರಿನ ಕುರ್ಚಿ ಗೋಡೆಯ ಮೂಲೆಗೆ ಸಿಕ್ಕಿಕೊಂಡಿದ್ದರೆ ಇವತ್ತೇ ತಿರುಗಿಸಿ ಹಾಕಿ. ಸ್ಟೇಪ್ಲರ್, ಪೇಪರ್‌ವೇಟ್, ಕತ್ತರಿ ಗಿರಾಕಿಯ ಕೈಗೆ ಎಟುಕುವಲ್ಲಿ ಬೇಡ.

ಮಾತು ಚಿಕ್ಕದು, ನಿಧಾನ, ಅವರ ದನಿಗಿಂತ ಒಂದು ಮೆಟ್ಟಿಲು ಕೆಳಗೆ. "ಸಮಾಧಾನ ಮಾಡಿಕೊಳ್ಳಿ" ಎಂಬುದು ಉರಿಗೆ ಎಣ್ಣೆ. "ನಿಮಗೆ ತಲೆ ಸರಿ ಇಲ್ಲ" ಎಂದೇ ಕೇಳಿಸುತ್ತದೆ. ಬದಲು ಅವರ ಕಷ್ಟವನ್ನು ಅವರಿಗೇ ತಿರುಗಿ ಹೇಳಿ: "ಮೂರು ಸಲ ಬಂದಿರಿ, ಮೂರು ಸಲವೂ ಕೆಲಸ ಆಗಲಿಲ್ಲ. ಕಾಗದ ಕೊಡಿ, ನೋಡ್ತೇನೆ." ಅವರ ಭಾಷೆಯಲ್ಲಿ ಹೇಳಲು ಬರುವವರು ಪಕ್ಕದಲ್ಲಿದ್ದರೆ ಅವರನ್ನು ಮುಂದೆ ಬಿಡಿ, ಸಿಟ್ಟಿನಲ್ಲಿರುವವರಿಗೆ ಎರಡನೇ ಭಾಷೆ ಅರ್ಧವೂ ತಲೆಗೆ ಹೋಗುವುದಿಲ್ಲ. ಆದರೆ ಒಬ್ಬರೇ ಮಾತಾಡಬೇಕು. ನಾಲ್ವರು ಸುತ್ತ ನಿಂತು ನಾಲ್ಕು ಭಾಷೆಯಲ್ಲಿ ಬುದ್ಧಿ ಹೇಳಿದರೆ ಹೊಡೆದಾಟ ಖಚಿತ.

ಗಡಿ ಹಾಕುವಾಗ ಎರಡು ದಾರಿ ಕೊಡಿ: "ನಿಮ್ಮ ಮಾತು ಕೇಳಲು ತಯಾರಿದ್ದೇನೆ. ಬೈಯುವುದು ನಿಲ್ಲಿಸಿದರೆ ಈಗಲೇ ನೋಡುವ, ಇಲ್ಲದಿದ್ದರೆ ನಾಳೆ ಹತ್ತು ಗಂಟೆಗೆ ಬನ್ನಿ." ನಡೆಸಲಾಗದ ಬೆದರಿಕೆ ಹಾಕಬೇಡಿ. ಕೈ ಮಾಡಿದರೆ, ಆಯುಧ ಕಂಡರೆ, ಬಾಗಿಲು ಅಡ್ಡಗಟ್ಟಿದರೆ ಮಾತು ಮುಗಿಯಿತು. ಹೊರಗೆ ಹೋಗಿ, 112ಕ್ಕೆ ಕರೆ ಮಾಡಿ.

ಬರೆದಿಡುವ ಕ್ರಮ

ಸದ್ದಿಲ್ಲದ ಕಿರುಕುಳಕ್ಕೂ ಲೆಕ್ಕಾಚಾರದ ಬೆದರಿಕೆಗೂ ಇದಕ್ಕಿಂತ ದೊಡ್ಡ ಮದ್ದಿಲ್ಲ. ಹೊಲಿದ ಹಾಳೆಯ ಪುಸ್ತಕ ತೆಗೆದುಕೊಳ್ಳಿ, ಸ್ಪೈರಲ್ ಬೇಡ. ಹಾಳೆ ಹರಿದರೆ ಗೊತ್ತಾಗಬೇಕು. ಕೆಲಸದ ಜಾಗದಲ್ಲಿ ಇಡಬೇಡಿ. ಅದೇ ದಿನ ಬರೆಯಿರಿ, ಹೀಗೆ:

"ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 11.20. ಸ್ಟಾಕ್ ರೂಮಿನ ಬಾಗಿಲು. ಸೂಪರ್‌ವೈಸರ್ ಬಿಲ್ ಪುಸ್ತಕ ನನ್ನ ಕಾಲ ಬುಡಕ್ಕೆ ಎಸೆದರು. ಹೇಳಿದ್ದು: 'ಇನ್ನೊಂದು ಸಲ ಬಾಯಿ ತೆಗೆದರೆ ಹೊರಗೆ ಹಾಕಿಸ್ತೇನೆ.' ಇದ್ದವರು: ಪ್ಯಾಕಿಂಗಿನ ಇಬ್ಬರು. 11.45ಕ್ಕೆ ಮ್ಯಾನೇಜರಿಗೆ ವಾಟ್ಸಾಪ್ ಮಾಡಿದೆ."

ಇದರಲ್ಲಿ "ದುರಹಂಕಾರದಿಂದ", "ಕೆಟ್ಟದಾಗಿ" ಎಂಬ ಪದಗಳಿಲ್ಲ ಎಂಬುದನ್ನು ಗಮನಿಸಿ. ಕಂಡದ್ದು, ಕೇಳಿದ್ದು ಮಾತ್ರ. ಬೈದದ್ದು ಮಲಯಾಳದಲ್ಲೋ ತುಳುವಿನಲ್ಲೋ ಇದ್ದರೆ ಆಡಿದ ಮಾತನ್ನೇ ಕನ್ನಡ ಲಿಪಿಯಲ್ಲಿ ಹಾಗೇ ಬರೆದು, ಕೆಳಗೆ ಅರ್ಥ ಬರೆಯಿರಿ. ನಾಚಿಕೆಯಿಂದ "ಅವಾಚ್ಯ ಶಬ್ದ" ಎಂದು ಬಿಟ್ಟರೆ ವಿಚಾರಣೆಯಲ್ಲಿ ಅದು ಏನೂ ಅಲ್ಲದಂತಾಗುತ್ತದೆ. ವಾಟ್ಸಾಪಿನ ಬೆದರಿಕೆಗೆ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಸಂದೇಶ ಇರುವ ಮೂಲ ಫೋನನ್ನು ಹಾಗೇ ಉಳಿಸಿ; ಡಿಜಿಟಲ್ ಸಾಕ್ಷ್ಯಕ್ಕೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಸಿಸಿಟಿವಿ ಇದ್ದರೆ ಎರಡು ಮೂರು ದಿನದೊಳಗೆ ಬರಹದಲ್ಲಿ ಕೇಳಿ, ಹಳೆಯ ದೃಶ್ಯಗಳ ಮೇಲೆ ಹೊಸದು ಬೀಳುತ್ತಾ ಹೋಗುತ್ತದೆ.

ಯಾವ ದೂರು ಎಲ್ಲಿಗೆ

ಸಾಮಾನ್ಯ ಕಿರುಕುಳಕ್ಕೆ ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಆದ್ದರಿಂದ ನಡೆದದ್ದನ್ನು ಇರುವ ಕಲಮುಗಳಲ್ಲಿ ಎಲ್ಲಿ ಕೂರಿಸಬಹುದು ಎಂದು ನೋಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆ 351ನೇ ಕಲಮು: ಎರಡು ವರ್ಷದವರೆಗೆ ಶಿಕ್ಷೆ, ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಬೆದರಿಕೆಗೆ ಏಳು ವರ್ಷದವರೆಗೆ. ಜಗಳಕ್ಕೆ ಕೆಣಕುವ ಉದ್ದೇಶದ ಅವಮಾನ 352. ಬರೀ 352ರ ದೂರಿಗೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯಲ್ಲಿ "ಕೇಸಾಗುವುದಿಲ್ಲ" ಎಂದರೆ ಕಾರಣ ಹೆಚ್ಚಾಗಿ ಇದೇ. ಅರ್ಜಿಗೆ ರಶೀದಿ ಮಾತ್ರ ಬಿಡಬೇಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕವಾಗಿ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ.

ಹೆಂಗಸರ ಮೇಲಿನ ಆಕ್ರಮಣದಲ್ಲಿ ಲೈಂಗಿಕ ಸ್ವರೂಪ ಇದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ ಮಾಲಕರಿಗೆ 50,000 ರೂಪಾಯಿವರೆಗೆ ದಂಡ. ಚಿಕ್ಕ ಅಂಗಡಿ, ಮನೆಕೆಲಸ, ಅಥವಾ ದೂರು ಮಾಲಕರ ಮೇಲೆಯೇ ಆದರೆ ಜಿಲ್ಲೆಯ ಸ್ಥಳೀಯ ಸಮಿತಿ. ಕಾಸರಗೋಡಿನವರು ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ವಿಚಾರಿಸಬೇಕು. ಘಟನೆಯಿಂದ ಮೂರು ತಿಂಗಳೊಳಗೆ ದೂರು. ತಕ್ಕ ಕಾರಣವಿದ್ದರೆ ಇನ್ನು ಮೂರು ತಿಂಗಳು ಸಿಗಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಹೆಂಗಸರ ಸಹಾಯವಾಣಿ 181.

ಆಸ್ಪತ್ರೆಯವರಿಗೆ ಕೇರಳದಲ್ಲಿ 2012ರ ಪ್ರತ್ಯೇಕ ಕಾಯ್ದೆ ಇದೆ. 2023ರ ಮೇ 10ರಂದು ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ, ಪೊಲೀಸರು ಚಿಕಿತ್ಸೆಗೆ ಕರೆತಂದಿದ್ದ ವ್ಯಕ್ತಿಯಿಂದ ಡಾ. ವಂದನಾ ದಾಸ್ ಕೊಲೆಯಾದ ಬಳಿಕ ಅದನ್ನು ಬಿಗಿಗೊಳಿಸಲಾಯಿತು. ಹಿಂಸೆಗೆ ಆರು ತಿಂಗಳಿಂದ ಐದು ವರ್ಷ, ತೀವ್ರ ಗಾಯಕ್ಕೆ ಒಂದರಿಂದ ಏಳು ವರ್ಷ. ಡಾಕ್ಟರು, ನರ್ಸು ಮಾತ್ರವಲ್ಲ, ಸೆಕ್ಯುರಿಟಿಯವರೂ ಆಂಬುಲೆನ್ಸ್ ಚಾಲಕರೂ ಇದರ ರಕ್ಷಣೆಯೊಳಗೆ ಬರುತ್ತಾರೆ.

ದೂರು ಕನ್ನಡದಲ್ಲೇ ಬರೆಯಬಹುದೇ ಎಂಬ ಅನುಮಾನದಿಂದ ಎಷ್ಟೋ ಮಂದಿ ಬರೆಯುವುದನ್ನೇ ಬಿಡುತ್ತಾರೆ. 1969ರ ಕೇರಳ ರಾಜಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು.

ಮಂಜೇಶ್ವರ, ಕುಂಬಳೆ ಕಡೆಯಿಂದ ದಿನವೂ ತಲಪಾಡಿ ದಾಟಿ ಮಂಗಳೂರಿಗೆ ಕೆಲಸಕ್ಕೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಮನೆ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಕೆಲಸದ ಜಾಗ ಎಲ್ಲಿದೆ ಎಂಬುದೇ ಲೆಕ್ಕ: ಸ್ಥಳೀಯ ಸಮಿತಿ ದಕ್ಷಿಣ ಕನ್ನಡ ಜಿಲ್ಲೆಯದು, ತನಿಖೆ ಕರ್ನಾಟಕ ಪೊಲೀಸರದು. ಆದರೆ ಪೊಲೀಸರು ನೇರ ಕೇಸು ದಾಖಲಿಸಬಹುದಾದ ಅಪರಾಧವಾದರೆ ಊರಿನ ಠಾಣೆಯಲ್ಲೇ ಮಾಹಿತಿ ಕೊಡಬಹುದು. ಪೊಲೀಸ್ ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. "ನಮ್ಮ ವ್ಯಾಪ್ತಿಯಲ್ಲ" ಎಂದು ಹಿಂದೆ ಕಳಿಸಿದರೆ ಆ ಕಲಮಿನ ಹೆಸರು ಹೇಳಿ, ದಾಖಲಾದ ಮೇಲೆ ಒಂದು ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.